ತೆರಕಣಾಂಬಿಯ ಪೈಲ್ವಾನ ರಾಜ

ಗುಂಡ್ಲುಪೇಟೆಯಲ್ಲಿ ಚಾಮರಾಜನಗರದ ಬಸ್ಸು ಹತ್ತಿದರೆ ದಾರಿಯಲ್ಲಿ ತೆರಕಣಾಂಬಿ ಸಿಗುತ್ತದೆ. ರಣಧೀರ ಕಂಠೀರವ ನರಸರಾಜ ಒಡೆಯರು ಮೈಸೂರಿನ ರಾಜರಾಗುವ ಮೊದಲು ಇದ್ದದ್ದು ಈ ಊರಿನಲ್ಲಿ. ಹುಟ್ಟಿದ್ದು 1615ರಲ್ಲಿ, ತಂದೆ ಬೆಟ್ಟದ ಚಾಮರಾಜ ಒಡೆಯರು. ಆಗ ಅವರಿಗೆ ರಾಜ್ಯವಿರಲಿಲ್ಲ, ಇದ್ದದ್ದು ಗರಡಿಯಲ್ಲಿ ಪಳಗಿದ ಮೈ ಮತ್ತು ಕತ್ತಿ ಹಿಡಿಯುವ ಕೈ.

ತಿರುಚಿರಾಪಳ್ಳಿಯಲ್ಲಿ ಒಬ್ಬ ಜಗಜಟ್ಟಿ ಇದ್ದನಂತೆ. ತನ್ನ ಚಲ್ಲಣವನ್ನು ಊರಬಾಗಿಲಿಗೆ ಕಟ್ಟಿಸಿ, ಸೋಲನ್ನು ಒಪ್ಪಿದವರು ಅದರಡಿ ನುಸುಳಿ ಹೋಗಲಿ ಎಂದು ಸವಾಲು ಹಾಕಿದ್ದನಂತೆ. ಸುದ್ದಿ ತೆರಕಣಾಂಬಿಗೆ ಮುಟ್ಟಿತು. ಕಂಠೀರವರು ವೇಷ ಮರೆಸಿಕೊಂಡು ಹೋದರು, ಆಸ್ಥಾನದ ಎದುರೇ ಅವನನ್ನು ಕತ್ತಿಯಲ್ಲಿ ಸೋಲಿಸಿದರು, ಬಹುಮಾನಕ್ಕೂ ನಿಲ್ಲದೆ ಊರು ಬಿಟ್ಟರು. ಕಥೆ ಬಾಯಿಂದ ಬಾಯಿಗೆ ಬಂದದ್ದು, ಸ್ವಲ್ಪ ಬೆಳೆದಿರಲೂಬಹುದು. ಆದರೆ ಕುಸ್ತಿಗೆ ಹೆಸರಾದ ಈ ಯುವಕ ಗೆದ್ದದ್ದು ಕುಸ್ತಿಯಿಂದಲ್ಲ ಎಂಬುದನ್ನು ಗಮನಿಸಿ.

ಮೊಬೈಲಿನಲ್ಲಿ ಮಿಕ್ಸೆಡ್ ಮಾರ್ಷಲ್ ಆರ್ಟ್ಸ್ ನೋಡುವ ಗೆಳೆಯರು ಒಂದೇ ವಿದ್ಯೆ ಸಾಕೋ, ಎಲ್ಲವೂ ಬೇಕೋ ಎಂದು ವಾದಿಸುತ್ತಾರೆ. 1993ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ನಡೆದ ಮೊದಲ ಯುಎಫ್‌ಸಿಯಲ್ಲಿ ರಾಯ್ಸ್ ಗ್ರೇಸಿ ಜಿಯು-ಜಿಟ್ಸು ಒಂದರಿಂದಲೇ ಎಲ್ಲರನ್ನೂ ಮಣಿಸಿದ. ಆ ಪಟ್ಟುಗಳನ್ನು ಉಳಿದವರೂ ಕಲಿತ ಮೇಲೆ ಒಂದೇ ವಿದ್ಯೆ ಸಾಲದಾಯಿತು. ಮೈಸೂರು ದಸರೆಯಲ್ಲಿ ಜಟ್ಟಿಗಳು ಆಡುವ ವಜ್ರಮುಷ್ಟಿಯಲ್ಲಿ ಗುದ್ದೂ ಉಂಟು, ಹಿಡಿತವೂ ಉಂಟು. ಎದುರಾಳಿಯ ನೆತ್ತರು ಕಂಡೊಡನೆ ಕಾಳಗ ನಿಲ್ಲುತ್ತದೆ.

ಕಂಠೀರವರಿಗೆ ಮುಂದೆ ಬಂದ ಪರೀಕ್ಷೆಗಳಲ್ಲಿ ನಿಲ್ಲಿಸಲು ಯಾರೂ ಇರಲಿಲ್ಲ. ದಳವಾಯಿ ವಿಕ್ರಮರಾಯನ ಸಂಚಿಗೆ ಇಮ್ಮಡಿ ರಾಜ ಒಡೆಯರು ಬಲಿಯಾದಾಗ, 1638ರಲ್ಲಿ, ತೆರಕಣಾಂಬಿಯಲ್ಲಿದ್ದ ಇವರಿಗೆ ಪಟ್ಟ ಬಂತು. ಅದೇ ದಳವಾಯಿ ಇವರನ್ನೂ ಆಟದ ಗೊಂಬೆ ಮಾಡಿಕೊಳ್ಳಬಹುದಿತ್ತು. ಅವನೇ ಉಳಿಯಲಿಲ್ಲ. ಬೆನ್ನಿಗೇ ಬಿಜಾಪುರದ ಸೇನಾನಿ ರಣದುಲ್ಲಾ ಖಾನ್ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ. ಕೋಟೆ ಕಾಯುವಾಗ ಪಟ್ಟು ಯಾವ ಕೆಲಸಕ್ಕೆ ಬರುತ್ತದೆ? ಅಲ್ಲಿ ಬೇಕಾದದ್ದು ದಂಡು, ಮದ್ದು, ದವಸ, ತಾಳ್ಮೆ. ಮುತ್ತಿಗೆ ವಿಫಲವಾಯಿತು. ಅರಮನೆಗೆ ನುಗ್ಗಿದ ಕೊಲೆಗಾರರನ್ನು ಒಬ್ಬರೇ ಎದುರಿಸಿದ ಕಥೆಯೂ ಇದೆ, ಸಿನಿಮಾ ನೋಡಿದವರಿಗೆ ಅದು ಗೊತ್ತು. ನನಗೆ ಮುತ್ತಿಗೆಯೇ ದೊಡ್ಡದಾಗಿ ಕಾಣುತ್ತದೆ.

ಟಂಕಸಾಲೆ ತೆರೆದು ಅವರು ಹೊರಡಿಸಿದ ಕಂಠೀರಾಯ ಹಣ ಅವರ ಕಾಲದ ನಂತರವೂ ಚಲಾವಣೆಯಲ್ಲಿತ್ತು. 1659ರಲ್ಲಿ ತೀರಿಕೊಂಡರು. ಶ್ರೀರಂಗಪಟ್ಟಣದಲ್ಲಿ ಅವರೇ ಕಟ್ಟಿಸಿದ ನರಸಿಂಹ ದೇವಾಲಯದಲ್ಲಿ ಅವರ ಕಲ್ಲಿನ ಪ್ರತಿಮೆ ಇದೆ. ಟಿಪ್ಪುವಿನ ಗುಂಬಜ್ ನೋಡಲು ಹೋದವರು ಅದನ್ನೂ ನೋಡಿ ಬರಬಹುದು.