ಮಕ್ಕಳ ಅಮ್ಮ ಏಮಿ ಕಾರ್ಮೈಕೇಲ್



ಈ ಸಲದ ಗೋಡೆ ಪತ್ರಿಕೆಗೆ ಮಹನೀಯರ ಜೀವನ ಬರೆಯಬೇಕು ಎಂದು ಮೇಷ್ಟ್ರು ಹೇಳಿದ ಕೂಡಲೇ ಎಲ್ಲರೂ ಗಾಂಧೀಜಿ, ವಿವೇಕಾನಂದರು, ಒನಕೆ ಓಬವ್ವ ಎಂದು ಮೊದಲೇ ಹಿಡಿದುಕೊಂಡುಬಿಟ್ಟರು. ನನಗೆ ಯಾರೂ ಉಳಿಯಲಿಲ್ಲ. ನಾನು ಮುಖ ಸಣ್ಣ ಮಾಡಿಕೊಂಡು ಕೂತಿದ್ದೆ. ಆಗ ದೊಡ್ಡ ಟೀಚರ್ ಬೀರುವಿನಿಂದ ರಟ್ಟು ಕಿತ್ತುಹೋದ ಒಂದು ಪುಸ್ತಕ ತೆಗೆದುಕೊಟ್ಟು, ಇವರ ಬಗ್ಗೆ ಬರಿ ಅಂದರು. ಮನೆಗೆ ತಂದು ಓದುವಾಗ ನಮ್ಮಜ್ಜಿ, ನಮ್ಮ ಕಡೆ ದೊಡ್ಡವರು ಯಾರೂ ಇಲ್ಲವೇನೆ, ಪರದೇಶದ ಹೆಂಗಸಿನ ಕಥೆ ಯಾಕೆ ಎಂದು ಕೇಳಿದರು. ಆದರೆ ಮೂರನೇ ದಿನ ಅಜ್ಜಿಯೇ ದೀಪದ ಹತ್ತಿರ ಬಂದು ಕೂತು, ಆ ಮಗು ಏನಾಯ್ತು ಮುಂದೆ ಓದು ಅಂದರು. ಆ ಮಗುವಿನ ಕಥೆ ಆಮೇಲೆ ಬರುತ್ತದೆ.

ಏಮಿ ಕಾರ್ಮೈಕೇಲ್ ಅವರು 1867ರ ಡಿಸೆಂಬರ್ 16ರಂದು ಐರ್ಲೆಂಡ್ ದೇಶದ ಉತ್ತರ ಭಾಗದಲ್ಲಿ, ಸಮುದ್ರದ ದಡದ ಮಿಲ್ಲೈಲ್ ಎಂಬ ಹಳ್ಳಿಯಲ್ಲಿ ಹುಟ್ಟಿದರು. ತಂದೆ ಡೇವಿಡ್, ತಾಯಿ ಕ್ಯಾಥರೀನ್. ತಂದೆಗೆ ಹಿಟ್ಟಿನ ಗಿರಣಿ ಇತ್ತು. ಏಳು ಮಕ್ಕಳಲ್ಲಿ ಇವರೇ ಹಿರಿಯರು.

ಏಮಿಯ ತಾಯಿಗೆ ನೀಲಿ ಕಣ್ಣು. ಏಮಿಗೆ ಮಾತ್ರ ಕಂದು ಕಣ್ಣು. ದೇವರನ್ನು ಏನು ಕೇಳಿದರೂ ಕೊಡುತ್ತಾನೆ ಎಂದು ತಾಯಿ ಹೇಳಿಕೊಟ್ಟಿದ್ದರು. ಸರಿ, ಮೂರು ವರ್ಷದ ಏಮಿ ರಾತ್ರಿ ಮಲಗುವ ಮುಂಚೆ ನನಗೆ ನೀಲಿ ಕಣ್ಣು ಕೊಡು ಎಂದು ಬೇಡಿಕೊಂಡಳು. ಬೆಳಿಗ್ಗೆ ಎದ್ದವಳೇ ಕುರ್ಚಿ ಎಳೆದುಕೊಂಡು ಹತ್ತಿ ಕನ್ನಡಿ ನೋಡಿದರೆ ಅದೇ ಕಂದು ಕಣ್ಣು! ಬಹಳ ಬೇಜಾರಾಯಿತು. ಆಮೇಲೆ ಅವಳಿಗೆ ತಿಳಿದ ಮಾತು ಏನೆಂದರೆ, ಇಲ್ಲ ಅನ್ನುವುದೂ ದೇವರು ಕೊಡುವ ಒಂದು ಉತ್ತರವೇ. ಈ ಕಂದು ಕಣ್ಣನ್ನು ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

ಹುಡುಗಿ ಸಾಧು ಅಂದುಕೊಳ್ಳಬೇಡಿ, ಭಾರಿ ತುಂಟಿ. ಮನೆಯ ಹತ್ತಿರ ಒಂದು ಜಾತಿಯ ಮರದ ಕಾಯಿ ತಿನ್ನಬೇಡಿ, ಅದು ವಿಷ ಎಂದು ದೊಡ್ಡವರು ಹೇಳಿದ್ದರು. ಏಮಿ ತಮ್ಮಂದಿರನ್ನು ಸೇರಿಸಿಕೊಂಡು, ಸಾಯುವ ಮುಂಚೆ ಎಷ್ಟು ಕಾಯಿ ತಿನ್ನಬಹುದು ಎಣಿಸೋಣ ಎಂದು ತಿನ್ನಲು ಶುರುಮಾಡಿದಳು! ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಕಹಿ ಔಷಧಿ ಮಾತ್ರ ಎಲ್ಲರ ಗಂಟಲಿಗೂ ಇಳಿಯಿತು. (ಗೆಳೆಯರೇ, ಇದನ್ನು ಯಾರೂ ಮಾಡಿನೋಡಬೇಡಿ.)

ಮುಂದೆ ಇವರ ಕುಟುಂಬ ಬೆಲ್‌ಫಾಸ್ಟ್ ನಗರಕ್ಕೆ ಬಂದಿತು. 1885ರಲ್ಲಿ ತಂದೆ ತೀರಿಕೊಂಡರು. ಏಮಿಗೆ ಆಗ 17 ವರ್ಷ. ಅದೇ ಕಾಲದಲ್ಲಿ ಒಂದು ಭಾನುವಾರ ಚರ್ಚಿನಿಂದ ಬರುವಾಗ ಒಬ್ಬ ಬಡ ಮುದುಕಿ ದೊಡ್ಡ ಗಂಟು ಹೊರಲಾರದೆ ಹೊತ್ತು ನಡೆಯುತ್ತಿದ್ದಳು. ಏಮಿ ಮತ್ತು ತಮ್ಮಂದಿರು ಹೋಗಿ ಗಂಟು ತೆಗೆದುಕೊಂಡು ಅವಳ ಕೈ ಹಿಡಿದು ನಡೆಸಿದರು. ಎದುರಿಗೆ ಒಳ್ಳೊಳ್ಳೆ ಬಟ್ಟೆ ಹಾಕಿಕೊಂಡ ಜನ ಬರುತ್ತಿದ್ದರು. ಏಮಿಗೆ ನಾಚಿಕೆಯಿಂದ ಮುಖ ಕೆಂಪಾಯಿತು. ಮನೆಗೆ ಬಂದ ಮೇಲೆ, ಒಳ್ಳೇ ಕೆಲಸ ಮಾಡುವಾಗ ನನಗೆ ಯಾಕೆ ನಾಚಿಕೆ ಆಯಿತು ಎಂದು ಯೋಚಿಸಿದರು. ಅಂದಿನಿಂದ ಜನ ಏನಂದುಕೊಳ್ಳುತ್ತಾರೋ ಅನ್ನುವ ಭಯ ಬಿಟ್ಟರು.

ಬೆಲ್‌ಫಾಸ್ಟಿನ ಗಿರಣಿಗಳಲ್ಲಿ ಕೆಲಸ ಮಾಡುವ ಬಡ ಹುಡುಗಿಯರಿದ್ದರು. ಟೋಪಿ ಕೊಳ್ಳಲು ಕಾಸಿಲ್ಲದೆ ತಲೆಗೆ ಶಾಲು ಹೊದ್ದುಕೊಳ್ಳುತ್ತಿದ್ದರು. ಆ ವೇಷದಲ್ಲಿ ಅವರು ಚರ್ಚಿಗೆ ಬಂದರೆ ಸಾಹುಕಾರರಿಗೆ ಆಗುತ್ತಿರಲಿಲ್ಲ. ಏಮಿ ಈ ಹುಡುಗಿಯರಿಗೆ ಪಾಠ ಹೇಳುತ್ತಿದ್ದರು. ಬರಬರುತ್ತಾ ಕೂರಲು ಜಾಗ ಸಾಲದಾಯಿತು. 500 ಜನ ಹಿಡಿಯುವ ತಗಡಿನ ಸಭಾಂಗಣ ಬೇಕು, ಅದಕ್ಕೆ 500 ಪೌಂಡ್ ಹಣ ಬೇಕು. ಕೈಯಲ್ಲಿ ಏನೂ ಇಲ್ಲ. ಏಮಿ ಚಂದಾ ಎತ್ತಲು ಹೋಗಲಿಲ್ಲ. ಹುಡುಗಿಯರ ಜೊತೆ ಕೂತು ಪ್ರಾರ್ಥನೆ ಮಾಡಿದರು. ಕೇಟ್ ಮಿಚೆಲ್ ಎಂಬ ಮಹಿಳೆ 500 ಪೌಂಡ್ ಕೊಟ್ಟರು! ಒಬ್ಬ ಗಿರಣಿ ಮಾಲೀಕರು ಕಡಿಮೆ ಬಾಡಿಗೆಗೆ ಜಾಗ ಕೊಟ್ಟರು. ದೇವರನ್ನೇ ಕೇಳಬೇಕು, ಅವನು ಯಾರ ಕೈಯಿಂದಲಾದರೂ ಕೊಡಿಸುತ್ತಾನೆ ಎಂಬ ನಂಬಿಕೆ ಅವರಿಗೆ ಆಗ ಗಟ್ಟಿಯಾಯಿತು.

ಅವರಿಗೆ ಮೊದಲಿನಿಂದ ನರದ ನೋವಿನ ಕಾಯಿಲೆ ಇತ್ತು. ಚೀನಾಕ್ಕೆ ಹೋಗಬೇಕೆಂದರೆ ವೈದ್ಯರು ಬೇಡ ಅಂದರು. 1893ರಲ್ಲಿ ಜಪಾನಿಗೆ ಹೋದರು, ಅಲ್ಲೂ ಕಾಯಿಲೆ ಬಿದ್ದು ಹಿಂತಿರುಗಿದರು. ಬೆಂಗಳೂರಿನ ಹವಾ ಒಳ್ಳೆಯದು ಎಂದು ಗೆಳತಿಯೊಬ್ಬರು ಬರೆದಿದ್ದರು. 1895ರ ಕೊನೆಗೆ ನಮ್ಮ ಬೆಂಗಳೂರಿಗೇ ಬಂದರು! ಆದರೆ ಬರುವಾಗಲೇ ಡೆಂಗಿ ಜ್ವರ ಹಿಡಿದಿತ್ತಂತೆ. ಒಳ್ಳೆ ಹವಾ ನೋಡಲು ಬಂದವರು ಹಾಸಿಗೆ ಹಿಡಿದರು. ಇದನ್ನು ಓದಿ ನಮ್ಮಜ್ಜಿ ನಕ್ಕರು. ಮರುವರ್ಷ ತಮಿಳುನಾಡಿನ ತಿರುನೆಲ್ವೇಲಿ ಕಡೆಗೆ ಹೋದರು. ಅಲ್ಲಿ ವಾಕರ್ ಎಂಬುವರ ಹತ್ತಿರ ಕಷ್ಟಪಟ್ಟು ತಮಿಳು ಕಲಿತರು.

ಎತ್ತಿನ ಗಾಡಿಯಲ್ಲಿ ಊರೂರು ತಿರುಗುತ್ತಿದ್ದರು. ದೊರೆಸಾನಿ ಉಡುಪು ಬಿಟ್ಟು ಸೀರೆ ಉಟ್ಟರು. ಬಿರಬಿರನೆ ಓಡಾಡುತ್ತಿದ್ದರಿಂದ ಜನ ಅವರಿಗೆ ಮುಸಲ್ ಅಮ್ಮಾಳ್ ಎಂದು ಹೆಸರಿಟ್ಟರು. ಮುಸಲ್ ಅಂದರೆ ನಮ್ಮ ಮೊಲ. ಸೀರೆ ಉಟ್ಟು ಹೋದಾಗ ಕಂದು ಕಣ್ಣಿನಿಂದಾಗಿ ಅವರು ಈ ದೇಶದವರ ಹಾಗೇ ಕಾಣುತ್ತಿದ್ದರು. ನೀಲಿ ಕಣ್ಣು ಇದ್ದಿದ್ದರೆ ದೂರದಿಂದಲೇ ಗೊತ್ತಾಗಿಬಿಡುತ್ತಿತ್ತು. ಮೂರು ವರ್ಷದಲ್ಲಿ ಕೇಳಿದ್ದನ್ನು ದೇವರು ಯಾಕೆ ಕೊಡಲಿಲ್ಲ ಎಂದು ಅವರಿಗೆ ಆಗ ಅರ್ಥವಾಯಿತು.

ಈಗ ಅಜ್ಜಿ ಕೇಳಿದ ಮಗುವಿನ ಕಥೆ. ಆ ಕಾಲದಲ್ಲಿ ಚಿಕ್ಕ ಹೆಣ್ಣುಮಕ್ಕಳನ್ನು ದೇವರ ಹೆಸರಿನಲ್ಲಿ ಗುಡಿಗೆ ಬಿಟ್ಟುಬಿಡುವ ಪದ್ಧತಿ ಇತ್ತು. ಆ ಮಕ್ಕಳಿಗೆ ಓದಿಲ್ಲ, ಮನೆಯಿಲ್ಲ, ದೊಡ್ಡವರು ಅವರ ಬಾಳನ್ನೇ ಹಾಳು ಮಾಡುತ್ತಿದ್ದರು. ಪ್ರೀನಾ ಎಂಬ ಏಳು ವರ್ಷದ ಹುಡುಗಿ ಹಾಗೆ ಸಿಕ್ಕಿಹಾಕಿಕೊಂಡಿದ್ದಳು. ಒಂದು ಸಲ ತಪ್ಪಿಸಿಕೊಂಡು ಅಮ್ಮನ ಹತ್ತಿರ ಓಡಿದಳು. ದೇವರು ಕೋಪಿಸಿಕೊಂಡಾನು ಎಂದು ಹೆದರಿ ಅಮ್ಮನೇ ತಿರುಗಿ ಒಪ್ಪಿಸಿಬಿಟ್ಟಳು. ಅವಳ ಪುಟ್ಟ ಕೈಗಳಿಗೆ ಕಾದ ಕಬ್ಬಿಣದಿಂದ ಬರೆ ಹಾಕಿದರು. ಇಲ್ಲಿಗೆ ಬಂದಾಗ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಅಲ್ಲಿನ ಹೆಂಗಸರು ಅವಳನ್ನು ಹೆದರಿಸಲು, ಮಕ್ಕಳನ್ನು ಹಿಡಿದುಕೊಂಡು ಹೋಗುವ ಅಮ್ಮ ಒಬ್ಬಳಿದ್ದಾಳೆ ಎಂದು ಹೇಳುತ್ತಿದ್ದರು. ಪ್ರೀನಾ ಹೆದರಲಿಲ್ಲ. ನನ್ನನ್ನೂ ಹಿಡಿದುಕೊಂಡು ಹೋಗಲಿ ಅಂದುಕೊಂಡಳು! ಮತ್ತೆ ತಪ್ಪಿಸಿಕೊಂಡು, ದಾರಿಯಲ್ಲಿ ಸಿಕ್ಕ ಒಬ್ಬ ಹೆಂಗಸಿನ ಸಹಾಯದಿಂದ 1901ರ ಮಾರ್ಚ್‌ನಲ್ಲಿ ಏಮಿ ಅವರ ಮನೆಗೆ ಬಂದಳು. ಬಂದವಳೇ ತೊಡೆಯ ಮೇಲೆ ಕೂತು, ಇನ್ನು ಇಲ್ಲೇ ಇರುತ್ತೇನೆ ಎಂದಳು. ಮದುವೆಯಾಗದ ಏಮಿ ಅಂದಿನಿಂದ ಎಲ್ಲರಿಗೂ ಅಮ್ಮ ಆದರು.

ಒಂದೊಂದಾಗಿ ಮಕ್ಕಳು ಬಂದರು. ದೋಣಾವೂರು ಎಂಬಲ್ಲಿ ಮನೆ ಬೆಳೆಯಿತು. ಡೋನಾ ಎಂಬ ಪರದೇಶದ ಪ್ರಭು ಹಿಂದೆ ದುಡ್ಡು ಕೊಟ್ಟಿದ್ದಕ್ಕೆ ಆ ಊರಿಗೆ ಆ ಹೆಸರು. ಊರು ಅನ್ನುವುದು ತಮಿಳಿನಲ್ಲೂ ಊರೇ. 1913ರ ಹೊತ್ತಿಗೆ 130 ಹುಡುಗಿಯರಿದ್ದರು. 1918ರಿಂದ ಹುಡುಗರನ್ನೂ ಸೇರಿಸಿಕೊಂಡರು. ಇಷ್ಟು ಮಕ್ಕಳಿಗೆ ಅನ್ನ, ಬಟ್ಟೆ, ಹಾಲು ಎಲ್ಲಿಂದ? ಅಮ್ಮ ಯಾರ ಮುಂದೆಯೂ ಕೈಚಾಚಲಿಲ್ಲ, ಸಾಲ ಮಾಡಲಿಲ್ಲ. ಬೇಕಾದ್ದನ್ನು ದೇವರಿಗೆ ಹೇಳುತ್ತಿದ್ದರು. ಎಲ್ಲಿಂದಲೋ ಹಣ ಬರುತ್ತಿತ್ತು. ಹಾಗೆಯೇ ಆಸ್ಪತ್ರೆಯನ್ನೂ ಕಟ್ಟಿದರು.

ಆದರೆ ಕೇಳಿದ್ದೆಲ್ಲ ಸಿಕ್ಕಿತು ಎಂದು ಬರೆದರೆ ಸುಳ್ಳಾಗುತ್ತದೆ. 1905ರಲ್ಲಿ ಕಾಯಿಲೆ ಬಂದು ಹಲವು ಹಸುಗೂಸುಗಳು ಸತ್ತುಹೋದವು. ಅಮ್ಮ ಎಷ್ಟು ಬೇಡಿಕೊಂಡಿರಬೇಕು! ಆದರೂ ನಂಬಿಕೆ ಬಿಡಲಿಲ್ಲ, ಉಳಿದ ಮಕ್ಕಳನ್ನೂ ಬಿಡಲಿಲ್ಲ. ತಮ್ಮ ಧರ್ಮವನ್ನು ಹೇಳುವುದಕ್ಕೇ ಅವರು ಬಂದಿದ್ದು ಎಂಬುದೂ ನಿಜ. ಅದಕ್ಕೆ ಸಿಟ್ಟಾದವರಿದ್ದರು, ಮಕ್ಕಳ ಕಳ್ಳಿ ಎಂದು ದೂರಿದವರೂ ಇದ್ದರು. ಆದರೆ ಮಕ್ಕಳನ್ನು ಗುಡಿಗೆ ಬಿಡುವುದು ತಪ್ಪು ಎಂದು ಆಮೇಲೆ ಸರಕಾರವೇ ಹೇಳಿತು. ಮದರಾಸಿನಲ್ಲಿ 1947ರಲ್ಲಿ, ನಮ್ಮ ಕರ್ನಾಟಕದಲ್ಲಿ 1982ರಲ್ಲಿ ಕಾನೂನು ಬಂತು.

ನನಗೆ ಬಹಳ ಇಷ್ಟವಾದ ಸಂಗತಿ ಒಂದಿದೆ. ಅಲ್ಲಿನ ಎಷ್ಟೋ ಮಕ್ಕಳಿಗೆ ಹುಟ್ಟಿದ ದಿನ ಗೊತ್ತಿರಲಿಲ್ಲ. ಅದಕ್ಕೆ ಮನೆಗೆ ಬಂದ ದಿನವನ್ನೇ ಹಬ್ಬ ಮಾಡುತ್ತಿದ್ದರು. ನಮ್ಮ ತರಗತಿಯಲ್ಲೂ ಒಂಬತ್ತು ಜನರ ಹುಟ್ಟಿದ ದಿನ ಜೂನ್ 1 ಎಂದು ರಿಜಿಸ್ಟರಿನಲ್ಲಿದೆ! ನಾವೂ ಶಾಲೆಗೆ ಸೇರಿದ ದಿನವನ್ನು ಹಬ್ಬ ಮಾಡಬಹುದಲ್ಲವೇ?

1931ರ ಅಕ್ಟೋಬರ್ 24ರಂದು ಸಂಜೆ ಮಬ್ಬಿನಲ್ಲಿ, ಹತ್ತಿರದ ಊರಿನಲ್ಲಿ ಔಷಧಾಲಯಕ್ಕೆಂದು ಹಿಡಿದಿದ್ದ ಮನೆ ನೋಡಲು ಹೋದಾಗ ಅಮ್ಮ ಒಂದು ಗುಂಡಿಗೆ ಬಿದ್ದುಬಿಟ್ಟರು. ಕಾಲು ಮುರಿಯಿತು, ಬೆನ್ನಿಗೂ ಪೆಟ್ಟಾಯಿತು. ಮೊಲದ ಹಾಗೆ ಓಡಾಡುತ್ತಿದ್ದವರು ಸುಮಾರು ಇಪ್ಪತ್ತು ವರ್ಷ ಹೆಚ್ಚಾಗಿ ಕೋಣೆಯಲ್ಲೇ ಕಳೆದರು. ಸುಮ್ಮನೆ ಮಲಗಲಿಲ್ಲ. ಪುಸ್ತಕಗಳನ್ನು ಬರೆದರು, ಮಕ್ಕಳಿಗೆ ಚೀಟಿ ಬರೆದು ಕಳಿಸಿದರು. 1951ರ ಜನವರಿ 18ರಂದು, 83ನೇ ವಯಸ್ಸಿನಲ್ಲಿ ತೀರಿಕೊಂಡರು. ಭಾರತಕ್ಕೆ ಬಂದವರು 55 ವರ್ಷದಲ್ಲಿ ಒಂದು ಸಲವೂ ಸ್ವಂತ ಊರಿಗೆ ಹೋಗಲಿಲ್ಲ. ಸಮಾಧಿಗೆ ಕಲ್ಲು ಬೇಡ ಅಂದಿದ್ದರು. ಮಕ್ಕಳು ಅಲ್ಲಿ ಹಕ್ಕಿಗಳಿಗೆ ನೀರಿನ ಬೋಗುಣಿ ಇಟ್ಟು, ಅದರ ಮೇಲೆ ಅಮ್ಮ ಎಂದಷ್ಟೇ ಬರೆಸಿದರು.

ಇನ್ನು ನನ್ನ ಮಾತು. ಏಳನೇ ತರಗತಿ ಮುಗಿದರೆ ನಮ್ಮೂರಲ್ಲಿ ಮುಂದೆ ಓದಲು ಶಾಲೆಯಿಲ್ಲ. ಹೈಸ್ಕೂಲು ಆರು ಕಿಲೋಮೀಟರು. ಕೆರೆ ಏರಿ ಮೇಲೆ ಹೆಣ್ಣುಹುಡುಗಿ ಒಬ್ಬಳೇ ಹೋಗುವುದು ಬೇಡ, ಓದಿದ್ದು ಸಾಕು ಎಂದು ಅಪ್ಪ ಹೇಳಿದ್ದಾರೆ. ಅಪ್ಪ ಕೆಟ್ಟವರಲ್ಲ, ಅವರಿಗೆ ಭಯ. ನಾನು ಒಂದು ವರ್ಷದಿಂದ ಪ್ರತಿ ಮಂಗಳವಾರ ಮಾರಮ್ಮನ ಗುಡಿಯಲ್ಲಿ ನಮ್ಮೂರಿಗೆ ಬಸ್ಸು ಬರಲಿ ಎಂದು ಬೇಡಿಕೊಳ್ಳುತ್ತಿದ್ದೇನೆ. ಬಸ್ಸು ಬರಲಿಲ್ಲ. ಮಾರಮ್ಮನ ಮೇಲೆ ಕೋಪವೂ ಬಂದಿತ್ತು.

ಈ ಪುಸ್ತಕ ಓದಿದ ಮೇಲೆ ಕೂತು ಎಣಿಸಿದೆ. ನಮ್ಮ ತರಗತಿಯಲ್ಲಿ ಆ ದಾರಿಯಲ್ಲಿ ಹೋಗಬೇಕಾದ ಹುಡುಗಿಯರು ಐದು ಜನ ಇದ್ದೇವೆ. ಐದು ಜನ ಒಟ್ಟಿಗೆ ನಡೆದರೆ ಅದು ಒಬ್ಬಳೇ ಹೋಗುವುದಲ್ಲ. ಬಸ್ಸು ಕೇಳಿದ್ದೆ, ಮಾರಮ್ಮ ನಾಲ್ಕು ಜನ ಗೆಳತಿಯರನ್ನು ಮೊದಲೇ ಕೊಟ್ಟಿದ್ದಾಳೆ. ನನಗೇ ಕಂಡಿರಲಿಲ್ಲ. ಆ ನಾಲ್ವರನ್ನು ಕೇಳಿದೆ, ಒಪ್ಪಿದ್ದಾರೆ. ಅಜ್ಜಿಯೂ ನನ್ನ ಕಡೆಗೇ ಇದ್ದಾರೆ.

ಗುರುಗಳೇ, ಮುಂದಿನ ಪೋಷಕರ ಸಭೆಗೆ ನಮ್ಮಪ್ಪ ಬಂದಾಗ ದಯಮಾಡಿ ಇದನ್ನು ಅವರಿಗೆ ಹೇಳಿ. ಏಮಿ ಅಮ್ಮ ಮನುಷ್ಯರನ್ನು ಕೇಳುತ್ತಿರಲಿಲ್ಲ, ದೇವರನ್ನು ಮಾತ್ರ ಕೇಳುತ್ತಿದ್ದರು. ನನಗೆ ಇನ್ನೂ ಅಷ್ಟು ಧೈರ್ಯ ಬಂದಿಲ್ಲ. ಆದ್ದರಿಂದ ಇಬ್ಬರನ್ನೂ ಕೇಳುತ್ತಿದ್ದೇನೆ.

 

— ಏಳನೇ ತರಗತಿಯ ವಿದ್ಯಾರ್ಥಿನಿ