ಅಸಾ ಗ್ರೇ: ಎಲೆಗಂಕುಳಿನ ಪಾಠ ಹೇಳಿದ ಸಸ್ಯವಿಜ್ಞಾನಿ

ಎಲೆಯ ಮೇಲ್ಮೈಗೂ ಕಾಂಡಕ್ಕೂ ನಡುವಣ ಕೋನವೇ ಎಲೆಗಂಕುಳು. ಅಲ್ಲಿ ಮೊಗ್ಗಿರುವುದು ಎಲೆಯ ಗುರುತು. ಕಿರುಎಲೆಗಳ ಬುಡದಲ್ಲಿ ಅದಿರದು. ಕರಿಬೇವಿನ ಇಡೀ ಎಸಳು ಒಂದೇ ಎಲೆಯೆನ್ನಲು ಇದೇ ಆಧಾರ. ಇಂಥ ಪಾಠಗಳನ್ನು ಅಮೆರಿಕದ ಶಾಲೆಗಳಿಗೆ ತಲುಪಿಸಿದವರಲ್ಲಿ ಅಸಾ ಗ್ರೇ (1810–1888) ಅಗ್ರಗಣ್ಯರು.

ನ್ಯೂಯಾರ್ಕ್ ಸಂಸ್ಥಾನದಲ್ಲಿ ಜನಿಸಿದ ಅವರು ವೈದ್ಯ ಪದವಿ ಪಡೆದರೂ ಆ ವೃತ್ತಿಯನ್ನು ತೊರೆದು ಸಸ್ಯಶಾಸ್ತ್ರಜ್ಞ ಜಾನ್ ಟಾರಿಯವರ ಸಹಯೋಗಿಯಾದರು. 1838ರಲ್ಲಿ, ಡೆಟ್ರಾಯಿಟ್ ಸಮೀಪದ ಆನ್ ಆರ್ಬರಿನಲ್ಲಿ ರೂಪುಗೊಳ್ಳುತ್ತಿದ್ದ ಮಿಶಿಗನ್ ವಿಶ್ವವಿದ್ಯಾಲಯವು ಅವರನ್ನು ಪ್ರಾಧ್ಯಾಪಕರನ್ನಾಗಿ ನೇಮಿಸಿ, ಪುಸ್ತಕಗಳಿಗೆಂದು 5,000 ಡಾಲರ್ ಒಪ್ಪಿಸಿ ಯೂರೋಪಿಗೆ ಕಳುಹಿಸಿತು. ಸುಮಾರು 3,700 ಸಂಪುಟಗಳು ಬಂದು ಸೇರಿದವು. ಆದರೆ ವಿಶ್ವವಿದ್ಯಾಲಯ ಹಣದ ಮುಗ್ಗಟ್ಟಿಗೆ ಸಿಲುಕಿತು. ಗ್ರೇ ಅಲ್ಲಿ ಒಂದು ದಿನವೂ ಪಾಠ ಮಾಡದೆ 1842ರಲ್ಲಿ ಹಾರ್ವರ್ಡ್ ಸೇರಿದರು.

ಆ ಪ್ರವಾಸದಲ್ಲೇ, 1839ರಲ್ಲಿ, ಪ್ಯಾರಿಸಿನ ಮಿಶೋ ಸಂಗ್ರಹದಲ್ಲಿ ಹೂವಿಲ್ಲದ ಒಣಗಿಡವೊಂದು ಅವರ ಕಣ್ಣಿಗೆ ಬಿತ್ತು. ಷಾರ್ಟಿಯ ಎಂದು ಹೆಸರಿಟ್ಟು ದಶಕಗಳ ಕಾಲ ಅರಸಿದರು. ಕೊನೆಗೆ 1877ರಲ್ಲಿ ಉತ್ತರ ಕೆರೊಲೈನಾದ ಹುಡುಗನೊಬ್ಬನಿಗೆ ಅದು ದೊರೆಯಿತು.

ಡಾರ್ವಿನ್ನರ ವಾದವನ್ನು ಅಮೆರಿಕದಲ್ಲಿ ಸಮರ್ಥಿಸಿದ ಕೀರ್ತಿಯೂ ಅವರದೇ. 1857ರ ಅವರ ಪಠ್ಯಪುಸ್ತಕ ಮೊಗ್ಗುಗಳ ಸ್ಥಾನವನ್ನು ಮಕ್ಕಳಿಗೆ ವಿವರಿಸಿತು. ಮಿಶಿಗನ್ನಿನ ಚಳಿಗಾಲದಲ್ಲಿ, ಮೇಪಲ್ ಮರದ ಬೋಳುರೆಂಬೆಯಲ್ಲಿ ಉದುರಿದ ಎಲೆಯ ಗಾಯದ ಮೇಲೆ ಕುಳಿತಿರುವ ಮೊಗ್ಗನ್ನು ಗಮನಿಸಿದವರಿಗೆ ಆ ಪಾಠ ಇಂದಿಗೂ ತೆರೆದೇ ಇದೆ.