ಮನೆ ಮುಂದಿನ ಮರ ಮತ್ತು ಲಾಲ್‌ಬಾಗಿನ ಜರ್ಮನ್ ಸಾಹೇಬರು

ಮುಂಗಾರು ಇನ್ನೇನು ಬಂತು ಅನ್ನುವ ಹೊತ್ತಿಗೆ ನಮ್ಮ ಮಂಡ್ಯದ ಬಡಾವಣೆಗಳಲ್ಲಿ ಕೊಡಲಿ ಸದ್ದು ಶುರುವಾಗುತ್ತದೆ. ಕರೆಂಟ್ ತಂತಿಗೆ ತಾಗಿತು ಅಂತ ಒಂದು ಮರದ ತಲೆ ಹೋಗುತ್ತದೆ. ಕಾಂಪೌಂಡ್ ಬಿರುಕು ಬಿಟ್ಟಿತು ಅಂತ ಇನ್ನೊಂದರ ಬುಡವೇ ಹೋಗುತ್ತದೆ. ಅಂಗಡಿ ಬೋರ್ಡ್ ಕಾಣೋದಿಲ್ಲ ಅಂತ ಮತ್ತೊಂದಕ್ಕೆ ರಾತ್ರೋರಾತ್ರಿ ಗತಿ ಕಾಣಿಸುತ್ತಾರೆ. ಆ ಗಾಯ ಆರುವ ಮೊದಲೇ ಜೂನ್ 5 ಬರುತ್ತದೆ, ಪರಿಸರ ದಿನ. ಅದೇ ಗುಂಡಿ, ಅದೇ ಜಾತಿಯ ಸಸಿ, ಕೈಯಲ್ಲಿ ನೀರಿನ ಬಿಂದಿಗೆ, ಒಂದು ಫೋಟೋ. ಹತ್ತು ವರ್ಷ ಬಿಟ್ಟು ಮತ್ತೆ ಅದೇ ಕೊಡಲಿ.

ತಪ್ಪು ಮರದ್ದಲ್ಲ ಸ್ವಾಮಿ, ಆರಿಸಿದವರದು. ಎಲ್ಲಿಗೆ ಯಾವ ಮರ ಎಂಬ ಒಂದೇ ಲೆಕ್ಕವನ್ನು ಜೀವಮಾನವೆಲ್ಲ ಹಾಕಿದ ಒಬ್ಬ ಮನುಷ್ಯ ನಮ್ಮ ಮೈಸೂರು ಸೀಮೆಯಲ್ಲೇ ಇದ್ದರು. ಹೆಸರು ಗುಸ್ತಾವ್ ಹರ್ಮನ್ ಕ್ರುಂಬಿಗಲ್. ಬೆಂಗಳೂರಿನ ಲಾಲ್‌ಬಾಗ್ ಪಕ್ಕದಲ್ಲಿ ಅವರ ಹೆಸರಿನ ರಸ್ತೆ ಇದೆ. ಕಂಡಕ್ಟರು ಆ ಹೆಸರು ಕೂಗಿದರೂ ಅದು ಮನುಷ್ಯನ ಹೆಸರು ಅಂತ ಬಹಳ ಜನಕ್ಕೆ ಗೊತ್ತಿಲ್ಲ. ನಮ್ಮ ಜಿಲ್ಲೆಯವರಿಗಾದರೂ ಗೊತ್ತಿರಬೇಕು. ಯಾಕೆ ಅನ್ನುವುದು ಮುಂದೆ ಬರುತ್ತದೆ.

ಹೂವಿನ ಪಾತಿಯಿಂದ ಶುರು

ಕ್ರುಂಬಿಗಲ್ ಹುಟ್ಟಿದ್ದು 1865ರ ಡಿಸೆಂಬರ್ 18ರಂದು, ಜರ್ಮನಿಯ ಡ್ರೆಸ್ಡನ್ ಹತ್ತಿರದ ಲೋಮೆನ್ ಎಂಬ ಊರಿನಲ್ಲಿ. ಅಲ್ಲೇ ಸಮೀಪದ ಪಿಲ್‌ನಿಟ್ಸ್‌ನಲ್ಲಿ ತೋಟಗಾರಿಕೆ ಕಲಿತರು. ಹ್ಯಾಂಬರ್ಗ್ ಕಡೆ ಕೆಲಸ ಮಾಡಿ 1888ರಲ್ಲಿ ಇಂಗ್ಲೆಂಡಿಗೆ ಹೋದರು. ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಹೂವಿನ ಪಾತಿಗಳ ವಿನ್ಯಾಸ ಮಾಡುವ ಕೆಲಸ ಸಿಕ್ಕಿತು. ಆಮೇಲೆ ಕ್ಯೂ ಗಾರ್ಡನ್ ಸೇರಿದರು. ಪ್ರಪಂಚದ ಮೂಲೆಮೂಲೆಯ ಗಿಡಗಳನ್ನು ತರಿಸಿ, ಹೆಸರಿಟ್ಟು, ವಿಂಗಡಿಸಿ ಬೆಳೆಸುವ ಜಾಗ ಅದು. ಯಾವ ಗಿಡ ಯಾವ ಹವಾಗುಣದ್ದು, ಎಷ್ಟೆತ್ತರ ಏರುತ್ತದೆ, ಯಾವಾಗ ಹೂ ಬಿಡುತ್ತದೆ ಎಂಬ ವಿದ್ಯೆಯನ್ನು ಮಣ್ಣು ಮುಟ್ಟಿಯೇ ಕಲಿಯಬೇಕು.

1893ರಲ್ಲಿ ಭಾರತಕ್ಕೆ ಬಂದರು. ಮೊದಲು ಬರೋಡ ಸಂಸ್ಥಾನ, ಸಯ್ಯಾಜಿರಾವ್ ಗಾಯಕವಾಡರ ಆಶ್ರಯ, ಅಲ್ಲಿನ ತೋಟಗಳ ಉಸ್ತುವಾರಿ. ಈ ಕಡೆ ಬೆಂಗಳೂರಿನ ಲಾಲ್‌ಬಾಗಿನಲ್ಲಿ ಜಾನ್ ಕ್ಯಾಮರಾನ್ ಎಂಬ ಅಧಿಕಾರಿ 1874ರಿಂದ ದುಡಿದು ನಿವೃತ್ತರಾಗುವ ಕಾಲ ಬಂದಿತ್ತು. ಆ ಜಾಗಕ್ಕೆ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ ಕ್ರುಂಬಿಗಲ್ ಅವರನ್ನು ಕರೆಸಿಕೊಂಡಿತು. 1908ರಲ್ಲಿ ಲಾಲ್‌ಬಾಗ್ ಸೂಪರಿಂಟೆಂಡೆಂಟ್ ಆದರು. ಆಗ ಅವರಿಗೆ 42 ವರ್ಷ. 1932ರವರೆಗೆ, ಅಂದರೆ 24 ವರ್ಷ, ಆ ಕುರ್ಚಿಯಲ್ಲಿದ್ದರು. ಕುರ್ಚಿ ಅಂತ ಬರೆದೆ. ಕೆಲಸ ಮಾತ್ರ ಬೀದಿಯಲ್ಲಿತ್ತು.

ಹನ್ನೆರಡು ತಿಂಗಳ ಹೂವು

ಅವರ ಹೆಸರು ಉಳಿದಿರುವುದು ಮುಖ್ಯವಾಗಿ ಒಂದು ಆಲೋಚನೆಯಿಂದ. ಬೀದಿಯ ಮರಗಳನ್ನು ಹೂ ಬಿಡುವ ತಿಂಗಳ ಪ್ರಕಾರ ವಿಂಗಡಿಸಬೇಕು. ಒಂದು ರಸ್ತೆಯ ಹೂವು ಉದುರುವ ಹೊತ್ತಿಗೆ ಪಕ್ಕದ ರಸ್ತೆಯಲ್ಲಿ ಅರಳಬೇಕು. ಊರಿನಲ್ಲಿ ಎಲ್ಲಾದರೊಂದು ಕಡೆ ವರ್ಷವಿಡೀ ಹೂವಿರಬೇಕು. ಹೇಳಲು ಸುಲಭ. ಮಾಡಬೇಕಾದರೆ ಪ್ರತಿ ಮರದ ಜಾತಕ ಗೊತ್ತಿರಬೇಕು.

ಬೆಂಗಳೂರಿಗೆ ದಿನಾ ಹೋಗಿಬರುವವರು ಕಿಟಕಿ ಪಕ್ಕ ಕೂತರೆ ಈ ಪಂಚಾಂಗ ತಾವೇ ಓದಬಹುದು. ವರ್ಷದ ಮೊದಲ ತಿಂಗಳುಗಳಲ್ಲಿ ಎಲೆಯಿಲ್ಲದೆ ಮೈತುಂಬ ಗುಲಾಬಿ ಹೂ ಹೊತ್ತು ನಿಲ್ಲುವುದು ಟಬೂಬಿಯ. ಶಿವರಾತ್ರಿ ಆಸುಪಾಸಿನಲ್ಲಿ ನೀಲಿ ಜಕರಂಡ. ಯುಗಾದಿ ಕಳೆದರೆ ಕಕ್ಕೆಯ ಹಳದಿ ಗೊಂಚಲು, ಹೊಳೆ ದಾಸವಾಳದ ನೇರಳೆ. ಮೇ ತಿಂಗಳಿಗೆ ಗುಲ್‌ಮೊಹರ್ ಕೆಂಡದ ಹಾಗೆ. ಮಳೆ ಹಿಂದಾಗುವ ಹೊತ್ತಿಗೆ ನೀರುಕಾಯಿ ಮರ. ದೀಪಾವಳಿಯ ಚಳಿಗೆ ಆಕಾಶಮಲ್ಲಿಗೆಯ ವಾಸನೆ.

ಇವೆಲ್ಲ ಒಬ್ಬರೇ ನೆಟ್ಟದ್ದಲ್ಲ ಅನ್ನುವುದನ್ನೂ ಹೇಳಬೇಕು. ಇಂದು ಬೆಂಗಳೂರಿನಲ್ಲಿ ಕಾಣುವ ಸಾಲುಮರಗಳಲ್ಲಿ ಬಹುಪಾಲು 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರ ಮುಂದಾಳತ್ವದಲ್ಲಿ ನೆಟ್ಟವು. ದಾರಿ ಮಾತ್ರ ಹಳೆಯ ಸಾಹೇಬರು ತೋರಿದ್ದು. ಜಕರಂಡ, ಟಬೂಬಿಯ ಅಮೆರಿಕ ಖಂಡದವು, ಗುಲ್‌ಮೊಹರ್ ಮಡಗಾಸ್ಕರ್ ದ್ವೀಪದ್ದು, ನೀರುಕಾಯಿ ಆಫ್ರಿಕದ್ದು. ಹೊರಗಿನ ಮರ ಜಾಸ್ತಿಯಾಯಿತು, ನಮ್ಮ ಹೊಂಗೆ ಬೇವು ಹಿಂದೆ ಬಿದ್ದವು ಅಂತ ಇವತ್ತು ತಿಳಿದವರು ಆಕ್ಷೇಪಿಸುತ್ತಾರೆ. ಆ ಮಾತಿನಲ್ಲಿ ಹುರುಳಿದೆ. ಆದರೆ ಆಕ್ಷೇಪ ಮಾಡುವವರೂ ಕೊನೆಗೆ ಕೇಳುವುದು ಅದೇ ಪ್ರಶ್ನೆ, ಎಲ್ಲಿಗೆ ಯಾವ ಮರ?

ನಮ್ಮ ಜಿಲ್ಲೆಯ ಋಣ

ಕೃಷ್ಣರಾಜಸಾಗರದ ಕಟ್ಟೆ ಎಂದರೆ ವಿಶ್ವೇಶ್ವರಯ್ಯನವರ ಪಟ ನಮ್ಮ ಕಣ್ಣಿಗೆ ಬರುತ್ತದೆ, ಅರ್ಧ ಮಂಡ್ಯದ ಅಂಗಡಿಗಳಲ್ಲಿ ಊದುಬತ್ತಿ ಹಚ್ಚುವುದೇ ಆ ಪಟಕ್ಕೆ. ಕಟ್ಟೆಯ ಕೆಳಗಿನ ಬೃಂದಾವನಕ್ಕೆ 1927ರಲ್ಲಿ ಕೆಲಸ ಶುರುವಾಗಿ 1932ಕ್ಕೆ ಮುಗಿಯಿತು. ದಿವಾನ್ ಮಿರ್ಜಾ ಇಸ್ಮಾಯಿಲರಿಗೆ ಕಾಶ್ಮೀರದ ಶಾಲಿಮಾರ್ ತೋಟದ ಹಾಗೆ ಇಲ್ಲೊಂದು ಆಗಬೇಕೆಂಬ ಹಂಬಲ. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಆ ಉದ್ಯಾನದ ವಿನ್ಯಾಸದ ಹಿಂದೆ ಇದ್ದ ಕೈ ಕ್ರುಂಬಿಗಲ್ ಅವರದು. ತೋಟ ಇರುವುದು ಮಂಡ್ಯ ಜಿಲ್ಲೆಯಲ್ಲಿ, ಹೆಸರು ಮೈಸೂರಿಗೆ! ಅದು ಬೇರೆ ಜಗಳ, ಇನ್ನೊಂದು ದಿನ ಬರೆಯೋಣ. ಸ್ಕೂಲ್ ಟೂರಿನಲ್ಲಿ ಲೈಟು ಕಾರಂಜಿ ನೋಡಿ ಬಾಯಿ ಬಿಟ್ಟ ನಾವೆಲ್ಲ ಆ ಮನುಷ್ಯನಿಗೆ ಋಣಿಗಳು ಅನ್ನುವುದಷ್ಟೇ ಇವತ್ತಿನ ಮಾತು.

ಅರಮನೆ, ಬೃಂದಾವನ ಅಂದರೆ ದೊಡ್ಡವರ ಕೆಲಸ ಅನ್ನಬೇಡಿ. 1912ರಲ್ಲಿ ಮೈಸೂರು ಉದ್ಯಾನಕಲಾ ಸಂಘ ಹುಟ್ಟಿದ್ದು ಇವರ ಕಾಲದಲ್ಲೇ. ಅದರ ಫಲಪುಷ್ಪ ಪ್ರದರ್ಶನಗಳಿಂದ ಗಿಡದ ಹುಚ್ಚು ಸಾಮಾನ್ಯರ ಮನೆಯಂಗಳಕ್ಕೂ ಇಳಿಯಿತು. ನಿವೃತ್ತರಾದ ಮೇಲೆ ಲಾಲ್‌ಬಾಗ್ ಭಾರತೀಯರ ಕೈಗೆ ಬಂತು. ಮೊದಲು ಎಚ್.ಸಿ. ಜವರಾಯರು, ಮುಂದೆ ಎಂ.ಎಚ್. ಮರಿಗೌಡರು. ಇಬ್ಬರೂ ಹೆಸರು ಉಳಿಸಿದರು.

ಶತ್ರು ದೇಶದವನು

ಬ್ರಿಟಿಷರ ಇಂಡಿಯಾದಲ್ಲಿ ಜರ್ಮನ್ ಆಗಿ ಬದುಕುವುದು ಸುಲಭವಿರಲಿಲ್ಲ. ಮಹಾಯುದ್ಧದ ಕಾಲದಲ್ಲಿ ಇಲ್ಲಿದ್ದ ಜರ್ಮನರೆಲ್ಲ ಸರ್ಕಾರದ ಲೆಕ್ಕದಲ್ಲಿ ಶತ್ರುಗಳು. ಕ್ರುಂಬಿಗಲ್ ಅವರಿಗೂ ಬಂಧನದ ಶಿಬಿರ ತಪ್ಪಲಿಲ್ಲ. ಬೀದಿ ಬೀದಿಗೆ ನೆರಳು ಹಾಕಿದ ಮನುಷ್ಯ ಹುಟ್ಟಿದ ದೇಶದ ಕಾರಣಕ್ಕೆ ಕಾವಲಿನಲ್ಲಿ ಕೂರಬೇಕಾಯಿತು. ಬಿಡುಗಡೆಯಾದ ಮೇಲೆ ಬೇಸತ್ತು ಗಂಟುಮೂಟೆ ಕಟ್ಟಬಹುದಿತ್ತು. ಕಟ್ಟಲಿಲ್ಲ. ಇಲ್ಲೇ ಉಳಿದರು. ಸ್ವಾತಂತ್ರ್ಯವನ್ನೂ ಇಲ್ಲೇ ಕಂಡರು. 1956ರ ಫೆಬ್ರವರಿ 8ರಂದು, 90ನೇ ವಯಸ್ಸಿನಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಸಮಾಧಿ ಹೊಸೂರು ರಸ್ತೆಯ ಸ್ಮಶಾನದಲ್ಲಿದೆ. ಈ ದೇಶದಲ್ಲಿ ಕಳೆದದ್ದು 63 ವರ್ಷ, ಅದರಲ್ಲಿ 48 ವರ್ಷ ನಮ್ಮ ಸೀಮೆಯ ಲೆಕ್ಕಕ್ಕೆ.

ಲಾಲ್‌ಬಾಗಿನಲ್ಲಿ ಅವರ ಹೆಸರಿನ ಒಂದು ಹಳೇ ಸಭಾಂಗಣವಿತ್ತು. ದುರಸ್ತಿ ಕಾಣದೆ ಕಾಣದೆ 2017ರಲ್ಲಿ ಕುಸಿದುಬಿತ್ತು. ಗೋಡೆ ಬಿತ್ತು, ಮರ ನಿಂತಿವೆ. ಸರಿಯಾದ ಜಾಗದಲ್ಲಿ ನೆಟ್ಟ ಮರ ಕಟ್ಟಡಕ್ಕಿಂತ ಗಟ್ಟಿ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ನಮ್ಮ 30-40 ಸೈಟಿಗೆ ಏನು?

ಈಗ ನಮ್ಮ ಬಾಗಿಲಿಗೆ ಬರೋಣ. ನರ್ಸರಿಗೆ ಹೋದಾಗ ನಾವು ನೋಡುವುದು ಎರಡಡಿ ಸಸಿಯನ್ನು. ನೋಡಬೇಕಾದ್ದು ಇಪ್ಪತ್ತು ವರ್ಷದ ನಂತರದ ಮರವನ್ನು. ಸಾಹೇಬರ ವಿದ್ಯೆಯ ತಿರುಳು ಇದೇ. ಸೈಟಿನ ಮುಂಭಾಗ 30 ಅಡಿ. ಚೆನ್ನಾಗಿ ಬೆಳೆದ ರೇನ್ ಟ್ರೀ 80 ಅಡಿ ಹರಡುತ್ತದೆ. ಅಂದರೆ ನಿಮ್ಮ ಮನೆ ಜೊತೆಗೆ ಅಕ್ಕಪಕ್ಕದ ಎರಡು ಮನೆಯ ತಾರಸಿಯೂ ಅದರದ್ದೇ. ಸಸಿ ತರುವಾಗ ಈ ಲೆಕ್ಕ ಹಾಕಿದವರು ಎಷ್ಟು ಜನ?

ಮರಗಳನ್ನು ಮೊದಲು ಗಾತ್ರದ ಮೇಲೆ ಮೂರು ಗುಂಪು ಮಾಡಿ. 20-25 ಅಡಿಯೊಳಗೆ ನಿಲ್ಲುವ ಪಾರಿಜಾತ, ದೇವಗಣಗಿಲೆ, ಬಸವನಪಾದ, ಕರಿಬೇವು, ಸೀಬೆ, ದಾಳಿಂಬೆ ಒಂದು ಗುಂಪು. ಸಣ್ಣ ಸೈಟಿನವರಿಗೂ ಮೇಲೆ ತಂತಿ ಹೋಗಿರುವ ಕಡೆಗೂ ಇವೇ ಸರಿ. ಎರಡನೆಯದು ಕಕ್ಕೆ, ಹೊಳೆ ದಾಸವಾಳ, ಹೊಂಗೆ. ತಂತಿ ಇಲ್ಲದ ಬದಿಯ ಫುಟ್‌ಪಾತಿಗೆ, ಮೂಲೆ ಸೈಟಿಗೆ ಆಗುತ್ತವೆ. ಮೂರನೆಯದು ರೇನ್ ಟ್ರೀ, ಅರಳಿ, ಆಲ, ಅತ್ತಿ, ಗುಲ್‌ಮೊಹರ್. ಇವಕ್ಕೆ ಪಾರ್ಕು, ಮೈದಾನ, ಕೆರೆ ಏರಿ, ಅಗಲ ರಸ್ತೆಯೇ ಬೇಕು. ಮನೆಯ ಪಾಯದ ಪಕ್ಕ, ನೀರಿನ ಸಂಪಿನ ಪಕ್ಕ ಖಂಡಿತ ಬೇಡ.

ಆಮೇಲೆ ಗುಣ ನೋಡಿ. ಗುಲ್‌ಮೊಹರ್ ಬೇರು ಮೇಲ್ಮೇಲೇ ಹರಿಯುತ್ತದೆ, ಕಾಂಪೌಂಡ್ ಎತ್ತುತ್ತದೆ. ಅದರ ಕೊಂಬೆಯೂ ಆಕಾಶಮಲ್ಲಿಗೆಯ ಕೊಂಬೆಯೂ ಗಾಳಿಗೆ ಬೇಗ ಮುರಿಯುತ್ತವೆ. ಕೆಳಗೆ ಸ್ಕೂಟರ್ ನಿಲ್ಲಿಸುವವರು ಹುಷಾರು. ಹೊಂಗೆ ಬೇಸಿಗೆಯ ಮೊದಲಲ್ಲಿ ಎಲೆ ಉದುರಿಸಿ, ಬಿಸಿಲು ಏರುವ ಹೊತ್ತಿಗೆ ಹೊಸ ಎಲೆ ತುಂಬಿಕೊಂಡಿರುತ್ತದೆ. ನೆರಳು ಬೇಕಾದ ಕಾಲಕ್ಕೇ ನೆರಳು.

ಕೊನೆಗೆ ದಿಕ್ಕು. ಮಧ್ಯಾಹ್ನ ಮೇಲಿನ ಬಿಸಿಲು ಪಶ್ಚಿಮದಿಂದ ಗೋಡೆ ಕಾಯಿಸುತ್ತದೆ. ನೆರಳಿನ ಮರ ಆ ಕಡೆಗಿರಲಿ. ಅಂಗಡಿಯವರಿಗೂ ಒಂದು ಮಾತು. ಬುಡದಲ್ಲಿ ಕೊಂಬೆ ಬಿಡದೆ ಎಂಟು ಹತ್ತಡಿ ಮೇಲೆ ಚಾಚುವ ಹಾಗೆ ಚಿಕ್ಕಂದಿನಲ್ಲೇ ಸವರಿ ಬೆಳೆಸಿದರೆ ಬೋರ್ಡೂ ಕಾಣುತ್ತದೆ, ನೆರಳಿಗೆ ಗಿರಾಕಿಯೂ ನಿಲ್ಲುತ್ತಾನೆ.

ಬೀದಿಯವರು ಸೇರಿದರೆ ಇನ್ನೂ ಚೆಂದ. ಒಂದು ಮನೆಯವರು ಚಳಿಗಾಲಕ್ಕೆ ಅರಳುವ ಬಸವನಪಾದ, ಇನ್ನೊಂದು ಮನೆಯವರು ಬೇಸಿಗೆಗೆ ಕಕ್ಕೆ, ಮಗದೊಬ್ಬರು ಮಳೆಗಾಲಕ್ಕೆ ಪಾರಿಜಾತ ಅಂತ ಹಂಚಿಕೊಂಡರೆ ಒಂದು ಅಡ್ಡರಸ್ತೆಯಲ್ಲೇ ಸಾಹೇಬರ ಪಂಚಾಂಗ ತಯಾರು. ಇದಕ್ಕೆ ಟೆಂಡರೂ ಬೇಡ, ಶಂಕುಸ್ಥಾಪನೆಯೂ ಬೇಡ.

ಹೆದ್ದಾರಿ ಅಗಲವಾಗುವಾಗ ಬೆಂಗಳೂರು-ಮೈಸೂರು ರಸ್ತೆಯ ಹಳೇ ಸಾಲುಮರಗಳು ಹೋದದ್ದು ನಮ್ಮ ಕಣ್ಣೆದುರೇ. ಅದನ್ನು ನಾವು ತಡೆಯಲಾಗಲಿಲ್ಲ. ಆದರೆ ಮನೆ ಮುಂದಿನ ಗುಂಡಿ ನಮ್ಮದು, ಅದರಲ್ಲಿ ಏನು ನೆಡಬೇಕು ಅನ್ನುವುದೂ ನಮ್ಮದು. ಈ ಜೂನ್ 5ಕ್ಕೆ ಸಸಿ ಹಿಡಿದು ಬರುವ ಮುಖಂಡರನ್ನು ಸುಮ್ಮನೆ ಫೋಟೋ ತೆಗೆಸಿಕೊಂಡು ಹೋಗಲು ಬಿಡಬೇಡಿ. ಇದು ಎಷ್ಟೆತ್ತರ ಬೆಳೆಯುತ್ತೆ, ಎಷ್ಟಗಲ ಹರಡುತ್ತೆ, ಬೇರು ಎಲ್ಲಿಗೆ ಹೋಗುತ್ತೆ ಅಂತ ಕೇಳಿ. ಉತ್ತರ ಬಾರದಿದ್ದರೆ ಸಸಿ ವಾಪಸ್ ಕಳಿಸಿ, ಬೇರೆಯದು ತರಿಸಿ. ಕೊಡಲಿಗೆ ಕೆಲಸ ತಪ್ಪಿಸುವುದು ಗುಂಡಿ ತೋಡುವ ದಿನವೇ.